ಪುಣ್ಯದ ಕೆಲಸಕ್ಕೂ ಪರ್ಮಿಷನ್ನಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಅಣ್ಣನ ಮಗ ಹದಿನೈದು ವರ್ಷದಿಂದ ಹಾವು ಹಿಡಿದು ಕಾಡಿಗೆ ಬಿಡುತ್ತಿದ್ದಾನೆ. ಯಾರ ಹತ್ತಿರವೂ ದುಡ್ಡು ಕೇಳಿದವನಲ್ಲ. ಹಿಡಿದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತಾನೆ. ಮೊನ್ನೆ ಅರಣ್ಯ ಇಲಾಖೆಯವರು ಬಂದು, ಅನುಮತಿ ಇಲ್ಲದೆ ಹಿಡಿದರೆ ಕೇಸು ಅಂದರು. ಪುಣ್ಯದ ಕೆಲಸಕ್ಕೂ ಪರ್ಮಿಷನ್ ಬೇಕಾ ಸಂಪಾದಕರೇ?’

ಬೇಕು. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಬಚ್ಚಲಲ್ಲಿ ನಾಗರ ಹೆಡೆ ಎತ್ತಿದರೆ ಓಡಿ ಬರುವವನು ನಿಮ್ಮ ಹುಡುಗ, ಕಚೇರಿಯವರಲ್ಲ. ಅದನ್ನು ಒಪ್ಪಿದೆ. ಆದರೂ ಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದೂ ಬೇಟೆಯೇ. ನಾಗರ, ಕಾಳಿಂಗ, ಕೊಳಕುಮಂಡಲ, ನಮ್ಮ ಗದ್ದೆಯ ಇಲಿ ತಿಂದು ಉಪಕಾರ ಮಾಡುವ ಕೇರೆ, ಎಲ್ಲವೂ ರಕ್ಷಣೆಯ ಪಟ್ಟಿಯಲ್ಲಿವೆ. ಹಿಡಿಯುವ ಕೈ ಯಾರದು, ಹಿಡಿದದ್ದು ಎಲ್ಲಿಗೆ ಹೋಯಿತು ಅಂತ ಯಾರಾದರೂ ಕೇಳಬೇಕಲ್ವಾ?

ಕೆಲವು ವರ್ಷದ ಹಿಂದೆ ನಮ್ಮ ಬೀದಿಯಲ್ಲೇ ಕಂಡದ್ದು ಹೇಳುತ್ತೇನೆ. ಸೌದೆ ರಾಶಿಯಲ್ಲಿ ನಾಗರ. ಒಬ್ಬ ಹುಡುಗ ಬಂದ. ಬಾಲ ಹಿಡಿದು ಎಳೆದ, ಕೋಲಿನಿಂದ ಕುತ್ತಿಗೆ ಒತ್ತಿದ, ಎತ್ತಿ ಮಕ್ಕಳ ಮುಖದ ಹತ್ತಿರ ತಂದ. ಇಪ್ಪತ್ತು ಮೊಬೈಲು ಒಟ್ಟಿಗೆ ಮೇಲೆದ್ದವು. ಹಾವಿನ ಬಾಯಿಯಂಚಲ್ಲಿ ರಕ್ತ ಇತ್ತು, ಅದನ್ನು ಯಾರೂ ನೋಡಲಿಲ್ಲ. ಕಲಿತವರು ಹೀಗೆ ಮಾಡುವುದಿಲ್ಲ. ಪೈಪಿನ ಒಂದು ತುದಿಗೆ ಬಟ್ಟೆಯ ಚೀಲ ಕಟ್ಟಿ ಇಡುತ್ತಾರೆ. ಅಡಗಲು ಕತ್ತಲೆ ಹುಡುಕುವ ಹಾವು ತಾನಾಗೇ ಒಳಗೆ ಹೋಗುತ್ತದೆ. ನೋಡುವವರಿಗೆ ಅದರಲ್ಲಿ ಮಜಾ ಇಲ್ಲ, ಅಷ್ಟೇ.

ಇನ್ನು ‘ಕಾಡಿಗೆ ಬಿಡುತ್ತಾನೆ’ ಅಂದಿರಿ. ಯಾವ ಕಾಡಿಗೆ? ನಿಮ್ಮ ಪಕ್ಕದ ಆಗುಂಬೆಯಲ್ಲೇ 2008ರಿಂದ ಸಂಶೋಧಕರು ಕಾಳಿಂಗಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಹಿಂದೆ ನಡೆದರು. ದೂರ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಅಲೆಯುತ್ತದೆ ಅಂತ ಗೊತ್ತಾದದ್ದು ಹಾಗೆ. (ನಮ್ಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ 2024ರಲ್ಲಿ ಗುರುತಿಸಿದಾಗ ಅದರ ವೈಜ್ಞಾನಿಕ ಹೆಸರಿಗೆ ‘ಕಾಳಿಂಗ’ ಅನ್ನುವ ಪದವನ್ನೇ ಸೇರಿಸಿದರು. ಓದಿ ಬಹಳ ಖುಷಿಯಾಯಿತು.)

ಲೈಸೆನ್ಸು ಬಡವರ ಹೊಟ್ಟೆಗೆ ಹೊಡೆಯುತ್ತದೆ ಅನ್ನುವವರು ತಮಿಳುನಾಡಿನಲ್ಲಿ ಹಾವು ಹಿಡಿಯುವ ಬುಡಕಟ್ಟಿನವರಾದ ಇರುಳರನ್ನು ನೋಡಬೇಕು. ಹಾವಿನ ಚರ್ಮದ ವ್ಯಾಪಾರ ನಿಂತಾಗ ಅವರ ಅನ್ನವೇ ಹೋಯಿತು. 1978ರಲ್ಲಿ ಚೆನ್ನೈ ಹತ್ತಿರ ಸಹಕಾರ ಸಂಘ ಕಟ್ಟಿಕೊಂಡರು. ಸರ್ಕಾರ ಅನುಮತಿ ಕೊಟ್ಟಷ್ಟೇ ಹಾವು ಹಿಡಿಯುತ್ತಾರೆ, ವಿಷ ತೆಗೆಯುತ್ತಾರೆ, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ವಾಪಸ್ ಬಿಡುತ್ತಾರೆ. ಅದೇ ಹಾವನ್ನು ಸದ್ಯಕ್ಕೆ ಮತ್ತೆ ಹಿಡಿಯಬಾರದಲ್ಲ, ಅದಕ್ಕೆ ಗುರುತು. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಹಾವಿನ ವಿಷದ ಮದ್ದಿನ ಹಿಂದೆ ಅವರ ಕೈಯಿದೆ. ಅಪ್ಪ, ಅಜ್ಜನಿಂದ ಬಂದ ವಿದ್ಯೆಗೆ ಆ ಕಾಗದ ಗೌರವ ತಂದಿತು.

ನನ್ನ ಸಿಟ್ಟು ಬೇರೆ ಕಡೆ. ಕೇರಳದಲ್ಲಿ ಅರಣ್ಯ ಇಲಾಖೆಯೇ ಹಾವು ಹಿಡಿಯುವವರಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತದೆ. ಹತ್ತಿರ ಯಾರಿದ್ದಾರೆ ಅಂತ ಮೊಬೈಲ್ ಆ್ಯಪಿನಲ್ಲೇ ನೋಡಬಹುದು. ನಾವೂ ಹಿಂದೆ ಬಿದ್ದವರಲ್ಲ. 2024ರಲ್ಲಿ ಹಾವು ಕಡಿತದ ಪ್ರತಿ ಕೇಸೂ ಸರ್ಕಾರಕ್ಕೆ ವರದಿಯಾಗಬೇಕು ಅಂತ ನಮ್ಮ ರಾಜ್ಯ ಆದೇಶ ಮಾಡಿತು. ಅಷ್ಟು ಮಾಡಿದವರಿಗೆ, ಹಿಡಿಯುವ ಹುಡುಗರನ್ನು ಕರೆದು ಕೂರಿಸಿ ಕನ್ನಡದಲ್ಲಿ ಕಲಿಸುವುದು ಕಷ್ಟವೇ? ಕೇಸು ಅಂತ ಹೆದರಿಸುವ ಮೊದಲು ಅರ್ಜಿ ಯಾರಿಗೆ ಕೊಡಬೇಕು ಅಂತ ಹೇಳಬಹುದಿತ್ತು. ಕಾನೂನು ಚೆನ್ನಾಗಿದ್ದೂ ಅದನ್ನು ಹಳ್ಳಿಗೆ ತಲುಪಿಸುವವರಿಲ್ಲ. ಅರಣ್ಯ ಹಕ್ಕಿನದೂ ಇದೇ ಕತೆ, ಬೆಳೆ ವಿಮೆಯದೂ ಇದೇ.

ನಿಮ್ಮ ಹುಡುಗನ ಮೇಲೆ ನನಗೆ ಭರವಸೆ ಬಂದದ್ದು ಆ ಡೈರಿಯಿಂದ. ರೀಲ್ಸ್ ಮಾಡುವವರು ಡೈರಿ ಬರೆಯುವುದಿಲ್ಲ. ಯಾವ ದಿನ, ಯಾರ ಮನೆ, ಯಾವ ಹಾವು, ಎಲ್ಲಿ ಬಿಟ್ಟದ್ದು, ಇಷ್ಟು ಅದರಲ್ಲಿದ್ದರೆ ಅದಕ್ಕಿಂತ ದೊಡ್ಡ ಅರ್ಜಿ ಬೇಡ. ಅವನು ಸುಮ್ನೆ ಮನೆಯಲ್ಲಿ ಕೂರುವುದು ಬೇಡ. ಮುಖ್ಯ ವನ್ಯಜೀವಿ ಪರಿಪಾಲಕರ ಹೆಸರಿಗೆ ಅರ್ಜಿ ಬರೆದು, ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಡೈರಿ ಸಮೇತ ಹೋಗಲಿ. ನೀವೂ ಜೊತೆಗೆ ಹೋಗಿ.