ದೇವರು ಕ್ಷಮಿಸಿದ ಮೇಲೂ ತೂಕದ ಬಾಕಿ ಕೊಡಬೇಕೇ?

ಪ್ರಶ್ನೆ: ಭತ್ತದ ವ್ಯಾಪಾರದಲ್ಲಿ ರೈತರಿಂದ ಚೀಲಕ್ಕೆ ಒಂದು ಕೆ.ಜಿ. ಹೆಚ್ಚಿಗೆ ತೂಗಿಸಿಕೊಳ್ಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಯೇಸುಸ್ವಾಮಿಯ ಮುಂದೆ ಅತ್ತು ಕ್ಷಮೆ ಕೇಳಿದ್ದೇನೆ. ರೈತರಿಗೂ ಕೊಡಬೇಕೇ? ಚರ್ಚಿಗೆ ಕಾಣಿಕೆ ಹಾಕಿದರೆ ಸಾಲದೇ?
– ಹೆಸರು ಬೇಡ, ಸಿಂಧನೂರು

ಉತ್ತರ: ಕೊಡಬೇಕು. ನಿಮ್ಮ ಪಾಪದ ಬೆಲೆಯನ್ನು ಕ್ರಿಸ್ತನು ಶಿಲುಬೆಯಲ್ಲಿ ತೆತ್ತಾಗಿದೆ, ಅದಕ್ಕೆ ನೀವು ಸೇರಿಸುವುದೇನೂ ಇಲ್ಲ. ಆದರೆ ರೈತನ ಭತ್ತ ರೈತನದೇ. ಲೂಕನ ಸುವಾರ್ತೆಯ 19ನೇ ಅಧ್ಯಾಯ ಓದಿ. ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಬಂದ. ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಜಕ್ಕಾಯ ಹೇಳಿದ್ದು ಆಮೇಲೆ. ಕ್ಷಮೆ ಒಳಗೆ ಬಂದ ಮನೆಯಿಂದ ಪರರ ಸೊತ್ತು ಹೊರಗೆ ಹೋಗಲೇಬೇಕು.

ಎಷ್ಟು ಕೊಡಬೇಕು? ಬೈಬಲಿನ ಅರಣ್ಯಕಾಂಡ 5:7 ಪೂರ್ತಿ ಮೊತ್ತಕ್ಕೆ ಐದನೇ ಒಂದು ಭಾಗ ಸೇರಿಸಿ ಕೊಡಲು ಹೇಳುತ್ತದೆ. ಮೋಶೆಯ ಈ ನಿಯಮ ಕ್ರೈಸ್ತರನ್ನು ಅಕ್ಷರಶಃ ಕಟ್ಟಿಹಾಕದು, ಆದರೂ ಅಳತೆ ಚೆನ್ನಾಗಿದೆ. 40 ಚೀಲ ಕೊಟ್ಟ ರೈತನಿಗೆ ಬಾಕಿ 40 ಕೆ.ಜಿ., ಮೇಲೆ 8 ಕೆ.ಜಿ.; ಒಟ್ಟು 48 ಕೆ.ಜಿ.ಗೆ ಇವತ್ತಿನ ದರ ಹಾಕಿ. ಅಂದಿನ ದರ ಹಿಡಿದರೆ ಅವನಿಗೆ ಮತ್ತೆ ನಷ್ಟ.

ಹಳೆಯ ಲೆಕ್ಕದ ಪುಸ್ತಕ ತೆಗೆದು ಹೆಸರು ಬರೆದುಕೊಳ್ಳಿ. ತೀರಿಕೊಂಡವರ ಪಾಲು ಹೆಂಡತಿ ಮಕ್ಕಳಿಗೆ ಸೇರಲಿ. ಹುಡುಕಿದರೂ ಸಿಗದವರದ್ದು ಬಡವರಿಗೆ ಹೋಗಲಿ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಸುಗ್ಗಿಯಿಂದ ಸುಗ್ಗಿಗೆ ಕಂತು ಮಾಡಿ, ಮೊದಲು ಸಣ್ಣ ಹಿಡುವಳಿಯವರಿಗೆ ಕೊಡಿ. ಕೊಡುವಾಗ "ತೂಕದಲ್ಲಿ ಹೆಚ್ಚಿಗೆ ತಗೊಂಡಿದ್ದೆ" ಎಂದು ಬಾಯಿಬಿಟ್ಟು ಹೇಳಿ. "ಏನಾದರೂ ತಪ್ಪಾಗಿದ್ದರೆ" ಎಂದು ಶುರುಮಾಡಿದರೆ ಅದು ತಪ್ಪೊಪ್ಪಿಗೆಯೇ ಅಲ್ಲ. ಅಲ್ಲೇ ಬಹಳ ಜನ ಜಾರುತ್ತಾರೆ. ರೈತ ಬೈದರೆ ಬೈಯಲಿ. ಅವನು ಕ್ಷಮಿಸಲೇಬೇಕೆಂದು ಒತ್ತಾಯಿಸುವ ಹಕ್ಕು ನಿಮಗಿಲ್ಲ.

ಕಾಣಿಕೆ ಡಬ್ಬಿಗೆ ಆ ದುಡ್ಡು ಹಾಕಬೇಡಿ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ನೊಂದ ಸಹೋದರನ ಹತ್ತಿರ ಹೋಗು ಎನ್ನುತ್ತಾನೆ ಯೇಸು (ಮತ್ತಾಯ 5:23–24).

ಪ್ರಶ್ನೆ: ನಾವು ಕಥೋಲಿಕರು. ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗಿ ಎಷ್ಟೋ ವರ್ಷಗಳಾದವು, ಏನು ಹೇಳಬೇಕೆಂದೇ ಮರೆತಿದೆ. ಗುರುಗಳು ಬೈದರೆ?
– ಓದುಗರು, ಗಂಗಾವತಿ

ಉತ್ತರ: ಮನೆಯಲ್ಲೇ ಕೂತು ಬೈಬಲಿನ ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಆತ್ಮಪರೀಕ್ಷೆ ಮಾಡಿಕೊಳ್ಳಿ. ಗುರುಗಳಿಗೆ ಮೊದಲು "ಬಹಳ ವರ್ಷಗಳ ಮೇಲೆ ಬಂದಿದ್ದೇನೆ, ಕ್ರಮ ಮರೆತಿದೆ" ಎನ್ನಿ, ಅವರೇ ನಡೆಸಿಕೊಡುತ್ತಾರೆ. ಗಂಭೀರ ಪಾಪ ಯಾವುದು, ಸುಮಾರು ಎಷ್ಟು ಸಲ, ಇಷ್ಟು ಹೇಳಿ. ಬೇರೆಯವರ ಹೆಸರು, ಕಥೆ ಬೇಡ. ಮರೆತುಹೋದ ಪಾಪಕ್ಕೂ ಕ್ಷಮೆಯಿದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಗಂಭೀರ ಪಾಪವೊಂದನ್ನು ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆ ವ್ಯರ್ಥ. ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಭಾನುವಾರದ ಬಲಿಪೂಜೆ (ಮಾಸ್) ಶುರುವಾಗುವ ಹೊತ್ತಿಗೆ ಹೋದರೆ ಅವರಿಗೆ ಬಿಡುವಿರುವುದಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ.