ಬಸ್ಸು ರಶ್ಶಾಗಿದೆ, ನಿಜ

ಪ್ರಿಯ ಓದುಗರೇ,

ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ದುಡ್ಡು ಕೊಟ್ಟವರೇ ನಿಂತು ಹೋಗಬೇಕಾಗಿದೆ, ಟಿಕೆಟ್ ಕೊಳ್ಳುವವರಿಗೆ ಬೇರೆ ಬಸ್ ಬಿಡಲಿ, ಇಲ್ಲದಿದ್ದರೆ ಬೈಕ್ ತಗೊಳ್ಳುತ್ತೇನೆ ಎಂದು ಬೆಂಗಳೂರಿನಿಂದ ಬರೆದಿದ್ದೀರಿ. ನಾನೂ ದಿನಾ ಬಸ್ಸಿನಲ್ಲೇ ಓಡಾಡುವವನು, ನಿಮ್ಮ ಕಷ್ಟ ಗೊತ್ತು. 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15ರಷ್ಟು ಏರಿದ ಮೇಲಂತೂ ಸಿಟ್ಟು ಬರುವುದು ಸಹಜ. ಆದರೆ ನೀವು ಹೇಳಿದ ಪರಿಹಾರ ನನಗೆ ಒಪ್ಪಿಗೆಯಿಲ್ಲ.

ಶಕ್ತಿಯಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ ಅಂದರೆ ಲೆಕ್ಕಕ್ಕೇ ಇಲ್ಲದ ಟಿಕೆಟ್ ಅಲ್ಲ. ಆ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕು. ಆ ಹೆಣ್ಣುಮಕ್ಕಳು ಸೋಪು, ಚಪ್ಪಲಿ ಕೊಂಡಾಗ ಕಟ್ಟುವ ತೆರಿಗೆಯೂ ಅದರಲ್ಲಿದೆ, ಅಲ್ವಾ?

ಮೊನ್ನೆ ಮಧ್ಯಾಹ್ನ ಮಾರ್ಕೆಟ್‌ನಿಂದ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸಿನ ಬಳೆಯ ಸಂದಿಯಲ್ಲಿ ಮಡಚಿದ ನಾಲ್ಕು ಚೀಟಿಗಳಿದ್ದವು, ನಾಲ್ಕೂ ಅವತ್ತಿನ ಶೂನ್ಯ ಟಿಕೆಟ್. ಮಗಳನ್ನು ಶಾಲೆಗೆ ಬಿಟ್ಟು, ಎರಡು ಮನೆ ಕೆಲಸ ಮುಗಿಸಿ, ಅತ್ತೆಯ ಮಾತ್ರೆಗೆಂದು ವಿಕ್ಟೋರಿಯಾ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮನೆಗೆ ಹೊರಟಿದ್ದರು. ಮೊದಲು ಇದರಲ್ಲಿ ಎರಡು ಕಡೆಗೆ ನಡೆದೇ ಹೋಗುತ್ತಿದ್ದರಂತೆ. ಅಂದರೆ ಶಕ್ತಿ ಶುರುವಾದ 2023ರ ಜೂನ್ 11ಕ್ಕೆ ಈ ಓಡಾಟ ಹುಟ್ಟಿದ್ದಲ್ಲ, ಮೊದಲಿಂದಲೂ ಇತ್ತು, ನಡೆದು ಹೋದದ್ದು ಟಿಕೆಟ್ ಮಶೀನಿನಲ್ಲಿ ದಾಖಲಾಗುತ್ತಿರಲಿಲ್ಲ ಅಷ್ಟೆ. ಬೆಳಿಗ್ಗೆ ಆಫೀಸಿಗೆ, ಸಂಜೆ ಮನೆಗೆ ಅಂತ ಎರಡೇ ಸಲ ಓಡಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಟೈಮ್‌ಟೇಬಲ್ ಮಾಡಿದರೆ, ಮಧ್ಯಾಹ್ನ ಚಿಕ್ಕ ಚಿಕ್ಕ ದೂರ ಹೋಗುವವರಿಗೆ ಬಸ್ ಎಲ್ಲಿಂದ ಸಿಗಬೇಕು? ಈಗ ಲೆಕ್ಕ ಸಿಕ್ಕಿದೆ. ಟ್ರಿಪ್ ಜಾಸ್ತಿ ಮಾಡಬೇಕು.

ಬೇರೆ ಬಸ್ ಅಂದಿರಲ್ಲ, ಅದು ಈಗಲೇ ಇದೆ. ಎಸಿ ಇರುವ ವಜ್ರ, ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಬಸ್ಸುಗಳಲ್ಲಿ ಶಕ್ತಿ ಅನ್ವಯಿಸುವುದಿಲ್ಲ. ಮೆಟ್ರೋದಲ್ಲೂ ಇಲ್ಲ, ಅಲ್ಲಿ 2025ರಲ್ಲಿ ಗರಿಷ್ಠ ದರ 90 ರೂಪಾಯಿಗೆ ಏರಿತು. ಸಾಮಾನ್ಯ ಬಸ್ಸನ್ನೂ ಹೀಗೆ ಎರಡು ಭಾಗ ಮಾಡಿದರೆ ಒಳ್ಳೆ ಗಾಡಿ, ಒಳ್ಳೆ ಸಮಯ ಎಲ್ಲ ಒಂದೇ ಕಡೆ ಹೋಗುತ್ತದೆ ಅನ್ನೋದು ನನ್ನ ಭಯ. ನೀವೂ ಅವರ ಜೊತೆ ಒಂದೇ ಬಸ್ಸಿನಲ್ಲಿರುವುದರಿಂದಲೇ ಈ ಪತ್ರ ಬಂತು. ಬಳೆಯಲ್ಲಿ ಚೀಟಿ ಸಿಕ್ಕಿಸಿಕೊಂಡಿದ್ದ ಆ ತಾಯಿಗೆ ಪತ್ರ ಬರೆಯಲು ಪುರುಸೊತ್ತು ಎಲ್ಲಿದೆ ಹೇಳಿ?

ಅದಕ್ಕೇ ಬೈಕ್ ಬುಕ್ ಮಾಡುವ ಮೊದಲು ಒಂದು ಕೆಲಸ ಮಾಡಿ. ರೂಟ್ ನಂಬರ್, ಸ್ಟಾಪ್, ಎಷ್ಟು ಗಂಟೆಗೆ ಎಷ್ಟು ಬಸ್ ತುಂಬಿ ಬಂದವು, ಒಂದು ವಾರ ಬರೆದಿಡಿ. ಡಿಪೋ ಮ್ಯಾನೇಜರ್‌ಗೆ ಒಂದು ಪ್ರತಿ ಕೊಡಿ, ನಮಗೊಂದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ.

— ಸಂಪಾದಕ