ಹೊರಗೆ ಕೂತರೆ ಒಳಗೆ ಯಾರು?

ಇದು ಒಬ್ಬರದೇ ಕಥೆ ಆಗಿದ್ದರೆ ಬರೆಯುತ್ತಿರಲಿಲ್ಲ. ದೀಪಾವಳಿ ಕಳೆದು ದೈವಗಳ ನೇಮ, ನಾಗನಿಗೆ ತಂಬಿಲದ ಪೂಜೆ, ಜಾತ್ರೆ ಶುರುವಾದರೆ ಮೇ ಕೊನೆಗೆ ಬರುವ ಪತ್ತನಾಜೆ ತನಕ ನನ್ನ ಹತ್ತಿರ ಬರುವ ಹೆಂಗಸರಲ್ಲಿ ಒಬ್ಬರಲ್ಲ ಒಬ್ಬರ ಚೀಲದಲ್ಲಿ ಮುಟ್ಟು ಮುಂದೆ ಹಾಕುವ ಆ ಮಾತ್ರೆ ಇದ್ದೇ ಇರುತ್ತದೆ. 2025ರಲ್ಲಿ ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆಯ ದೊಡ್ಡ ಉತ್ಸವ ನಡೆದಾಗಲಂತೂ, ಬೇರೆ ಏನೋ ಮಾತಾಡಲು ಫೋನ್ ಮಾಡಿದವರೂ ಕೊನೆಗೆ "ಮುಂದೆ ಹಾಕುವ ಮಾತ್ರೆ ಎಷ್ಟು ದಿನ ತಗೊಳ್ಬಹುದು?" ಎಂದು ಕೇಳುತ್ತಿದ್ದರು. ನಾನು ಡಾಕ್ಟರಲ್ಲ, ಆಪ್ತ ಸಲಹೆ ಕೊಡುವವಳು ಎಂದು ಹೇಳಿ ಹೇಳಿ ಸಾಕಾಯಿತು.

ಇಲ್ಲಿ ಹೇಳಹೊರಟ ಈಕೆ ಕುಂಬಳೆ ಕಡೆಯವರು, ವಯಸ್ಸು ನಲವತ್ತರ ಹತ್ತಿರ, ಅಡಿಕೆ ತೋಟದ ಮನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಿದ್ದೆ ಬರುವುದಿಲ್ಲ, ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ ಎಂದು ಬಂದಿದ್ದರು.

ಮೊದಲ ಎರಡು ಭೇಟಿಯಲ್ಲಿ ತಪ್ಪು ಮಾಡಿದ್ದು ನಾನು. "ಏನಾದರೂ ಔಷಧಿ ತಗೊಳ್ತಿದ್ದೀರಾ?" ಎಂದು ಕೇಳಿದೆ. "ಇಲ್ಲ" ಅಂದರು. ಬರೆದುಕೊಂಡೆ. ಅವರು ಸುಳ್ಳು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಔಷಧಿ ಅಂದರೆ ರೋಗಕ್ಕೆ ತಗೊಳ್ಳುವುದು, ಅಷ್ಟೇ.

ಮೂರನೇ ಸಲ ಬಂದಾಗ ಮುಂದಿನ ಭೇಟಿಗೆ ದಿನ ನೋಡಲು ಚೀಲದಿಂದ ಮಡಚಿಟ್ಟ ಕ್ಯಾಲೆಂಡರ್ ಹಾಳೆಗಳನ್ನು ತೆಗೆದರು. ಮಡಿಕೆಯಲ್ಲಿ ಹರಿದು ಅಂಟು ಹಾಕಿದ್ದ ಹಾಳೆಗಳು. ಕೆಲವು ದಿನಗಳಿಗೆ ಕೆಂಪು ಸುತ್ತು: ನಾಗನ ತಂಬಿಲ, ಮಾವನ ತಿಥಿ, ತರವಾಡಿನ (ಕುಟುಂಬದ ಮೂಲಮನೆಯ) ನೇಮ, ನಾದಿನಿ ಮಗನ ಉಪನಯನ. ಒಂದೊಂದು ಸುತ್ತಿನ ಹಿಂದೆಯೂ ಪೆನ್ನಿನ ಚುಕ್ಕೆಗಳು, ದಿನಕ್ಕೆ ಮೂರು. ಒಂದು ಕಡೆ ಆ ಚುಕ್ಕೆಗಳ ಸಾಲು 19 ದಿನ ಓಡಿತ್ತು. ತಿಥಿ ಮುಗಿದ ಮೇಲೆ ನೇಮ ಬಂತಲ್ವಾ, ನಡುವೆ ಬಿಡಲಿಕ್ಕೆ ಆಗಲಿಲ್ಲ ಎಂದರು.

"ಮುಟ್ಟಾದ ದಿನ ಯಾವುದು ಇದರಲ್ಲಿ?"

"ಅದನ್ನು ಬರೆಯುವುದಿಲ್ಲ ಮೇಡಂ. ಮಾತ್ರೆ ಬಿಟ್ಟು ಎರಡು ಮೂರು ದಿನಕ್ಕೆ ಆಗ್ತದೆ."

ಮಾತ್ರೆ ನಾರೆಥಿಸ್ಟೆರೋನ್, 5 ಮಿಲಿಗ್ರಾಂ. ಮೊದಲ ಸಲ ಡಾಕ್ಟರು ಬರೆದುಕೊಟ್ಟಿದ್ದರು, ಐದು ವರ್ಷದ ಹಿಂದೆ. ಆಮೇಲೆ ಮಾತ್ರೆಯ ಖಾಲಿ ಪಟ್ಟಿ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಿದ್ದರು. ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. ಒಳಗಿನ ಕಾಗದ ಇಂಗ್ಲಿಷಿನಲ್ಲಿ, ಅಂಗಡಿಯವರು ಹೇಳುವುದು ಮಲಯಾಳದಲ್ಲಿ, ಇವರು ಓದಿದ್ದು ಕನ್ನಡ ಶಾಲೆಯಲ್ಲಿ. ನಮ್ಮ ಕಾಸರಗೋಡಿನ ಪಾಡು ಗೊತ್ತಲ್ಲ.

"ಅದು ಹಾರ್ಮೋನ್" ಎಂದಾಗ ಅವರು ನಂಬಲಿಲ್ಲ. ಹಾಗಾಗಿ ಕ್ಯಾಲೆಂಡರಿನ ಹಿಂದೆಯೇ ಚಿತ್ರ ಬರೆದು ತೋರಿಸಿದೆ. ಅಂಡ ಬಿಡುಗಡೆಯಾದ ಮೇಲೆ ಸುಮಾರು ಎರಡು ವಾರ ಅಂಡಾಶಯ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನ್ ಮಾಡುತ್ತದೆ. ಗರ್ಭಕೋಶದ ಒಳಪದರ ನಿಲ್ಲುವುದು ಅದರ ಬಲದಲ್ಲಿ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರೋನ್ ಇಳಿಯುತ್ತದೆ, ಪದರ ಕಳಚುತ್ತದೆ, ಅದೇ ಮುಟ್ಟು. ಮಾತ್ರೆ ಪ್ರೊಜೆಸ್ಟೆರೋನಿನ ವೇಷ ಹಾಕಿ ಕೂರುತ್ತದೆ. ಬಿಟ್ಟ ಕೂಡಲೇ ವೇಷ ಕಳಚುತ್ತದೆ. 1951ರಲ್ಲಿ ಮೆಕ್ಸಿಕೋದಲ್ಲಿ ಇದನ್ನು ಮೊದಲು ತಯಾರಿಸಿದ್ದು, ಅಲ್ಲಿನ ಹಾರ್ಮೋನ್ ಔಷಧಿಗಳ ಮೂಲ ನಮ್ಮ ಕಾಡುಗೆಣಸಿನ ಜಾತಿಯದ್ದೇ ಒಂದು ಗಡ್ಡೆ ಅಂದಾಗ ಅವರಿಗೆ ನಗು ಬಂತು. ಗೆಣಸು ಅಂದರೆ ಅಪಾಯ ಇಲ್ಲ ಅಂತಲ್ಲ ಎಂದು ತಕ್ಷಣ ಸೇರಿಸಬೇಕಾಯಿತು!

ಯಾವಾಗಲೋ ಒಮ್ಮೆ, ಮದುವೆಗೋ ಪ್ರಯಾಣಕ್ಕೋ, ಡಾಕ್ಟರು ನೋಡಿ ಕೊಟ್ಟರೆ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಸಾಮಾನ್ಯವಾಗಿ ಮುಟ್ಟಿನ ದಿನಕ್ಕೆ 3 ದಿನ ಮೊದಲು ಶುರು, ದಿನಕ್ಕೆ 3. ಮಾತ್ರೆ ಅಂದರೆ ವಿಷ ಎಂದು ಹೆದರಿಸುವವರ ಜೊತೆಗೂ ನನಗೆ ಜಗಳ ಇದೆ. ಆದರೆ ಈ ಪ್ರಮಾಣದಲ್ಲಿ ತಗೊಂಡರೆ ಅದರ ಸ್ವಲ್ಪ ಭಾಗ ದೇಹದೊಳಗೆ ಎಥಿನೈಲ್ ಎಸ್ಟ್ರಾಡಿಯಾಲ್ ಆಗಿ ಬದಲಾಗುತ್ತದೆ. ಮಾಲಾ-ಎನ್ ತರದ ಗರ್ಭನಿರೋಧಕ ಮಾತ್ರೆಯಲ್ಲಿ ಇರುವ ಎಸ್ಟ್ರೋಜನ್ ಎಂಬ ಹಾರ್ಮೋನ್ ಅದೇ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವುದೂ ಅದೇ. ಹಾಗಾಗಿ ಹಿಂದೆ ರಕ್ತ ಹೆಪ್ಪುಗಟ್ಟಿದವರು, ಸ್ತನ ಕ್ಯಾನ್ಸರ್ ಇರುವವರು, ಲಿವರ್ ಕಾಯಿಲೆಯವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಇದನ್ನು ಮುಟ್ಟಬಾರದು. ತಗೊಳ್ಳುವಾಗ ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ನಾಳೆಗೆ ಕಾಯಬಾರದು. ಇನ್ನೊಂದು, ಹೀಗೆ ತಗೊಂಡರೆ ಇದು ಗರ್ಭ ತಡೆಯುವುದಿಲ್ಲ. ತಡೆಯುತ್ತದೆ ಎಂದು ನಂಬಿ ಎಡವಟ್ಟಾದವರನ್ನು ನೋಡಿದ್ದೇನೆ.

ಇಷ್ಟು ಹೇಳಿ "ತಲೆನೋವು ಬರ್ತದಾ?" ಎಂದು ಕೇಳಿದೆ. ಬರುತ್ತದೆ. ಮೊದಲು ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆ ಕುಣಿಯುತ್ತದೆ, ಇಪ್ಪತ್ತು ನಿಮಿಷ, ಆಮೇಲೆ ಒಂದು ಬದಿ ತಲೆ ಸಿಡಿಯುತ್ತದೆ. ನನಗೆ ಭಯವಾಯಿತು. ಹೀಗೆ ಬೆಳಕು ಕಾಣುವ ಮೈಗ್ರೇನ್ ಇದ್ದವರಿಗೆ ಎಸ್ಟ್ರೋಜನ್ ಇರುವ ಮಾತ್ರೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಪಾರ್ಶ್ವವಾಯುವಿನ ಅಪಾಯ ಜಾಸ್ತಿ ಅಂತ.

"ಮನೆಯಲ್ಲಿ ಮಡಿ ತುಂಬಾ ಜೋರಾ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿದೆ ಅಂದುಕೊಂಡೇ ಕೇಳಿದ್ದು.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಮಾತ್ರೆ ತಗೋ ಅಂತ ಯಾರೂ ಹೇಳಲಿಲ್ಲ ಮೇಡಂ. ಅತ್ತೆಗೆ ಗೊತ್ತೂ ಇಲ್ಲ. ಅವರಿಗೆ ಮೊಣಕಾಲು ನೋವು, ಒಲೆ ಎದುರು ನಿಲ್ಲಲಿಕ್ಕೆ ಆಗುವುದಿಲ್ಲ. ತಂಬಿಲಕ್ಕೆ ಅರುವತ್ತು ಜನ ಬರ್ತಾರೆ. ನಾನು ಹೊರಗೆ ಕೂತರೆ ಒಳಗೆ ಯಾರು ಬೇಯಿಸುವುದು?"

ನನ್ನ ತಲೆಯಲ್ಲಿ ಸಿದ್ಧವಾಗಿದ್ದ ಭಾಷಣ ಅಲ್ಲೇ ಉಳಿಯಿತು.

ನಾನು ಕೊಟ್ಟ ಸಲಹೆ ಎರಡೇ. ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಕ್ಯಾಲೆಂಡರ್ ತೋರಿಸಿ, ಬೆಳಕಿನ ಗೆರೆಯ ವಿಷಯ ಮರೆಯದೆ ಹೇಳಿ. ಮುಂದಿನ ಸಲ ನನ್ನ ಹತ್ತಿರ ಬರುವಾಗ ಗಂಡ, ಅತ್ತೆ ಇಬ್ಬರನ್ನೂ ಕರೆದುಕೊಂಡು ಬನ್ನಿ.

ಮುಟ್ಟಿನ ಕಟ್ಟಳೆಯನ್ನೇ ಮುರಿಯಿರಿ ಎಂದು ಯಾಕೆ ಹೇಳಲಿಲ್ಲ ಎಂದು ಗೆಳತಿಯೊಬ್ಬಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. ನನ್ನ ಮನೆಯಲ್ಲಿ ಆ ಕಟ್ಟಳೆ ಇಲ್ಲ, ಇರಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಆಕೆ ಅದನ್ನು ಕೇಳಲು ಬಂದಿರಲಿಲ್ಲ. ನಾನು ಮಡಿಯ ಬಗ್ಗೆ ವಾದ ಹೂಡಿದ್ದರೆ ಆಕೆ ಮತ್ತೆ ಬರುತ್ತಿರಲಿಲ್ಲ, ಮಾತ್ರೆ ಮಾತ್ರ ನಿಲ್ಲುತ್ತಿರಲಿಲ್ಲ. ಮನೆಯ ವಿಷಯಕ್ಕೆ ಯಾಕೆ ಕೈ ಹಾಕಿದೆ ಎಂದವರೂ ಇದ್ದಾರೆ. ಆ 19 ದಿನದ ಚುಕ್ಕೆಗಳನ್ನು ಅವರು ನೋಡಿಲ್ಲ.

ಡಾಕ್ಟರು ಮಾತ್ರೆ ಪೂರ್ತಿ ಬೇಡ ಎಂದರು. ತಲೆನೋವಿಗೆ ಬೇರೆ ಚಿಕಿತ್ಸೆ ಶುರುವಾಯಿತು. ಆಮೇಲೆ ಮೂವರೂ ಬಂದರು. ಗಂಡ ಎಲ್ಲ ಕೇಳಿ "ಅಯ್ಯೋ, ಇಷ್ಟೇನಾ? ಅಡಿಗೆಯವರನ್ನು ಕರೆಸಿದರೆ ಆಯ್ತಲ್ವಾ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆಕೆ ಎದ್ದು ಹೊರಗೆ ಹೋಗಿ ವರಾಂಡದಲ್ಲಿ ನಿಂತು ಅತ್ತರು. ಐದು ವರ್ಷದ ಚುಕ್ಕೆಗಳಿಗೆ ಉತ್ತರ ಒಂದು ಫೋನ್ ಕಾಲ್. ಅತ್ತೆ ಕುರ್ಚಿ ಹಿಡಿದು ಮೆಲ್ಲ ಎದ್ದು ಅವರ ಹಿಂದೆ ಹೋದರು. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ.

ಈ ವರ್ಷದ ತಂಬಿಲಕ್ಕೆ ಆಕೆ ಹೊರಗೇ ಇದ್ದರು. ಹಿಂದಿನ ಚಾವಡಿಯಲ್ಲಿ ಕೂತಿದ್ದರಂತೆ. ಬೆಲ್ಲ ಎಲ್ಲಿದೆ, ದೊಡ್ಡ ಕೌಳಿಗೆ ಎಲ್ಲಿದೆ ಎಂದು ಅಡಿಗೆಯವರು ನಾಲ್ಕು ಸಲ ಕಿಟಕಿ ಹತ್ತಿರ ಬಂದು ಕೇಳಿದರಂತೆ. "ಮೂರು ಸಲ ಹೇಳಿದೆ. ನಾಲ್ಕನೇ ಸಲ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದೆ" ಎಂದು ಫೋನಿನಲ್ಲಿ ಹೇಳಿ ನಕ್ಕರು.